ಐದು ಟ್ರೋಫಿಯಲ್ಲಿ ನಮ್ಮದೆಷ್ಟು?

ಭಾನುವಾರ ಸಂಜೆ ಸುಮ್ನೆ ನಮ್ಮ ಕಾರವಾರದ ಮಾಲಾದೇವಿ ಮೈದಾನದ ಕಡೆ ಹೋಗಿದ್ದೆ. ಹುಡುಗರ ಫುಟ್‌ಬಾಲ್ ಟೂರ್ನಿ ನಡೀತಿತ್ತು. ಮಳೆಗೆ ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಲೈನ್ಸ್‌ಮನ್ ಕೈಯಲ್ಲಿ ಬಾವುಟದ ಬದಲು ಕೆಂಪು ಟವೆಲ್. ನನಗಂತೂ ಖುಷಿಯೇ ಆಗಿತ್ತು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಮೈಕ್ ಹಿಡಿದರು. "ನಮ್ಮ ರಾಜ್ಯದ ಫುಟ್‌ಬಾಲ್ ಸಂಸ್ಥೆಗೆ ಭವ್ಯ ಇತಿಹಾಸ ಇದೆ. ನಾವು ಐದು ಸಲ ಸಂತೋಷ್ ಟ್ರೋಫಿ ಗೆದ್ದಿದ್ದೇವೆ!"

ನಾವು ಅಂದರೆ ಯಾರು ಸ್ವಾಮಿ?

ರಾಜ್ಯ ರಾಜ್ಯಗಳ ತಂಡಗಳು ಸೆಣಸುವ ಈ ಟ್ರೋಫಿಯನ್ನು ಮೈಸೂರು ತಂಡ ಮೊದಲ ಸಲ ಗೆದ್ದದ್ದು 1946-47ರಲ್ಲಿ. ಆಮೇಲೆ 1952-53ರಲ್ಲಿ. ಎರಡೂ ಸಲ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿತ್ತು, ಸಣ್ಣ ಮಾತಲ್ಲ. ಆದರೆ ಆಗ ಕಾರವಾರ ಇದ್ದದ್ದು ಮುಂಬೈ ಕೈಕೆಳಗೆ. 1862ರಲ್ಲೇ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಅಲ್ಲಿಗೆ ನೆಟ್ಟಿದ್ದರು. ಮುಂಬೈಯ ವೆಸ್ಟರ್ನ್ ಇಂಡಿಯಾ ಫುಟ್‌ಬಾಲ್ ಅಸೋಸಿಯೇಷನ್ 1911ರದ್ದು. ಅವರ ಪಾಲಿಗೆ ಫುಟ್‌ಬಾಲ್ ಅಂದರೆ ತಮ್ಮೂರಿನ ರೋವರ್ಸ್ ಕಪ್ ಟೂರ್ನಿ. ಕಾಳಿ ಹೊಳೆ ದಡದಲ್ಲಿ ಯಾರು ಚೆಂಡು ಒದ್ದರೆ ಅವರಿಗೇನು?

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. 1967-68, 1968-69ರಲ್ಲಿ ಮತ್ತೆ ಎರಡು ಟ್ರೋಫಿ ಬಂತು. ಕಾಗದದ ಮೇಲೆ ಇವು ನಮ್ಮವೂ ಹೌದು. ಆದರೆ ಆ ಕಾಲದ ಮೈಸೂರು ಫುಟ್‌ಬಾಲ್ ಅಂದರೆ ಬೆಂಗಳೂರಿನ ದಂಡುಪ್ರದೇಶ, ಅಲ್ಲಿನ ಕಾರ್ಖಾನೆಗಳು. ಅಲ್ಲಿನವರ ಆಟದ ಬಗ್ಗೆ ನನಗೆ ಎರಡು ಮಾತಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಅದಕ್ಕೆ ಚಪ್ಪಾಳೆ ಹೊಡೆಯೋಣ. ಆದರೆ ಆ ಚಪ್ಪಾಳೆಯಲ್ಲಿ ಕಾರವಾರದ ಹೆಸರು ಯಾಕೆ ಸೇರಿಸ್ತೀರಿ?

ಈಗ ಮಾಜಾಳಿ ದಾಟಿ ನೋಡಿ. ಗೋವಾದಲ್ಲಿ 1883ರಲ್ಲಿ ಶಿವೋಲಿಯಲ್ಲಿ ಒಬ್ಬ ಐರಿಶ್ ಪಾದ್ರಿ, ವಿಲಿಯಂ ಲಯನ್ಸ್, ಹುಡುಗರಿಗೆ ಈ ಆಟ ಹಚ್ಚಿದರು. ಗೋವಾ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1959ರಲ್ಲಿ, ಪೋರ್ತುಗೀಸರು ಇನ್ನೂ ಕೂತಿದ್ದಾಗಲೇ. ಗೋವಾ ಭಾರತಕ್ಕೆ ಸೇರಿದ್ದು 1961ರಲ್ಲಿ. 1982-83ರಲ್ಲಿ ಬಂಗಾಳದ ಜೊತೆ ಟ್ರೋಫಿ ಹಂಚಿಕೊಂಡರು, ಮರುವರ್ಷ ಒಬ್ಬರೇ ಗೆದ್ದರು. ಆ ಸಲ ಅವರ ಗೋಲಿಗೆ ಒಂದೂ ಚೆಂಡು ಹೋಗಲಿಲ್ಲ. ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಳ್ಕರ್. ನಾನು ಹೈಸ್ಕೂಲಲ್ಲಿ ಯಾಕೆ ಗೋಲಿಗೆ ನಿಂತೆ ಅಂತ ನಿಮಗೆಲ್ಲ ಗೊತ್ತಲ್ವಾ? ಅವರಿಂದಲೇ. ಬೆಂಗಳೂರಿನ ಒಬ್ಬ ಆಟಗಾರನ ಹೆಸರೂ ಆಗ ನಮಗೆ ಗೊತ್ತಿರಲಿಲ್ಲ.

ಇದನ್ನೇ ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ ಹೇಳಿದೆ. ಅವನು ಸಮಾಧಾನದ ಮನುಷ್ಯ. "ಅಲ್ಲ ಮಾರಾಯ, ರಾಜ್ಯ ಸಂಸ್ಥೆ ಮನೆಮನೆಗೆ ಬಂದು ಕರೀಬೇಕಾ? ಜಿಲ್ಲೆಯವರು ಲೀಗ್ ನಡೆಸಬೇಕು, ಹುಡುಗರ ಹೆಸರು ನೋಂದಾಯಿಸಬೇಕು. ನಾವು ಮಾಡಿದ್ದೇವಾ?" ಅಂದ. ಮಾತು ಸರಿ. ಆದರೆ ಒಂದು ಟ್ರಯಲ್ಸ್‌ಗೆ ಅಂತ ರಾತ್ರಿಯಿಡೀ ಬಸ್ಸಲ್ಲಿ ಕೂತು, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಹಲ್ಲುಜ್ಜಿ, ಹಾಗೇ ಮೈದಾನಕ್ಕೆ ಓಡೋ ಹುಡುಗನ ಕಾಲಲ್ಲಿ ಎಷ್ಟು ದಮ್ ಉಳಿದಿರುತ್ತೆ? ಅದೇ ಗೋವಾದ ಮಡಗಾಂವ್ ಆದರೆ ಬೈಕಲ್ಲಿ ಹೋಗಿ ರಾತ್ರಿ ಊಟಕ್ಕೆ ವಾಪಸ್ ಬರಬಹುದು.

ಇರಲಿ, ಒಂದು ಗುಟ್ಟು ಹೇಳಿಬಿಡ್ತೇನೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2ರಿಂದ ಕರ್ನಾಟಕ ಗೆದ್ದಾಗ ನಾನೂ ಮೊಬೈಲ್ ಹಿಡಿದು ಕೂಗಿದವನೇ. 54 ವರ್ಷದ ಮೇಲೆ ಬಂದ ಟ್ರೋಫಿ! ಹೆಂಡತಿ ಅಡುಗೆಮನೆಯಿಂದ ಓಡಿ ಬಂದಿದ್ದಳು, ಏನೋ ಆಯ್ತು ಅಂತ. ಮರುವರ್ಷ ಫೈನಲ್‌ನಲ್ಲಿ ಗೋವಾ, ಸೇನೆಯವರ ತಂಡ ಸರ್ವಿಸಸ್ ವಿರುದ್ಧ 1-0ರಿಂದ ಸೋತಿತು. ಅವತ್ತು ನಾನು ಸರಿಯಾಗಿ ಊಟ ಮಾಡಲಿಲ್ಲ. ನನ್ನನ್ನು ಯಾವ ರಾಜ್ಯದ ಅಭಿಮಾನಿ ಅಂತೀರೋ ನೀವೇ ಹೇಳಿ.

ಮ್ಯಾಚ್ ಮುಗಿದ ಮೇಲೆ ಕೋಡಿಬಾಗದ ಹುಡುಗನೊಬ್ಬ ಬೂಟು ಬಿಚ್ಚಿ ಕೆಸರು ಕೆರೀತಿದ್ದ. ಎರಡು ಗೋಲು ಹೊಡೆದವನು. ಅವನ ಜೆರ್ಸಿ ಬೆನ್ನ ಮೇಲೆ ಗೋವಾದ ಯಾವುದೋ ಹಳ್ಳಿಯ ಕ್ಲಬ್ಬಿನ ಹೆಸರು.

"ಭಾಷಣ ಕೇಳಿದ್ಯೇನೋ?" ಅಂದೆ.

"ಇಲ್ಲ ಕಾಕಾ, ವಾರ್ಮಪ್ ಮಾಡ್ತಿದ್ದೆ. ಶನಿವಾರ ಕಾಣಕೋಣದಲ್ಲಿ ಮ್ಯಾಚ್ ಇದೆ, ಬರ್ತೀರಾ?"

ಬರ್ತೀನಿ ಅಂದೆ. ಪೆಟ್ರೋಲ್ ಹೇಗೂ ಆ ಕಡೆ ಅಗ್ಗ.