ಸಮುದ್ರದ ದುಡ್ಡು ಮೋರಿಗೆ ಬರಲಿ

ಮುಂಬೈಯಲ್ಲಿ ಮಳೆಗಾಲದ ದೊಡ್ಡ ಉಬ್ಬರದ ದಿನ ಒಂದು ತಮಾಷೆ ನಡೆಯುತ್ತದೆ. ಊರು ಎಸೆದ ಕಸವನ್ನೆಲ್ಲ ಸಮುದ್ರ ಮರೈನ್ ಡ್ರೈವ್ ರಸ್ತೆಗೇ ತಂದು ಸುರಿಯುತ್ತದೆ. ತಗೊಳ್ಳಿ ನಿಮ್ಮದು ಅಂದ ಹಾಗೆ. ಅದನ್ನು ನೋಡಿದಾಗೆಲ್ಲ ನನಗೆ ತೀರ್ಥಹಳ್ಳಿ ಕಡೆಯ ನಮ್ಮೂರ ಹಳ್ಳ ನೆನಪಾಗುತ್ತದೆ. ಅದು ಏನನ್ನೂ ವಾಪಸ್ ಕೊಡುವುದಿಲ್ಲ. ಮಳೆ ಹಿಡಿದರೆ ಎಲ್ಲವನ್ನೂ ಒಯ್ದುಬಿಡುತ್ತದೆ. ಊರು ತೊಳೆದಿಟ್ಟ ಹಾಗೆ ಕಾಣುತ್ತದೆ. ನಾವು ಮಲೆನಾಡಿನವರು ಕಸದ ವಿಷಯದಲ್ಲಿ ನಿಶ್ಚಿಂತರಾಗಿರುವುದು ಅದಕ್ಕೇ ಅನಿಸುತ್ತದೆ.

ಹೋದ ವರ್ಷ ಇಲ್ಲಿ ಮುಂಬೈಯಲ್ಲಿ ಮಗಳ ಕ್ಲಾಸಿನಲ್ಲಿ ಸಮುದ್ರ ಮಾಲಿನ್ಯದ ಪಾಠ ಆಯಿತು. ಅಫ್ರೋಜ್ ಶಾ ಎಂಬ ವಕೀಲರು 2015ರಲ್ಲಿ ವರ್ಸೋವಾ ಬೀಚಿನಲ್ಲಿ ಕಸ ಹೆಕ್ಕಲು ಶುರು ಮಾಡಿದ್ದನ್ನು ಟೀಚರ್ ಹೇಳಿದರಂತೆ. ಮಕ್ಕಳು ಮನೆಮನೆಯಿಂದ ಹಳೇ ಪೇಪರ್ ತಂದು ರದ್ದಿ ಅಂಗಡಿಗೆ ಹಾಕಿದರು. ಬಂದ ದುಡ್ಡಿಗೆ ಕೈಗವಸು, ಗೋಣಿಚೀಲ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಕ್ಲಾಸಿನ ಬಾಗಿಲಿಗೆ ಅಂಟಿಸಿದ್ದರು. ಬೀಚಿನಲ್ಲಿ ಅರ್ಧ ಹೊತ್ತು ಫೋಟೋ ತೆಗೆದಿದ್ದೇ ಆಯಿತು, ಅದು ಬೇರೆ ಮಾತು.

ನಾನೂ ಬಗ್ಗಿ ಹೆಕ್ಕಿದೆ. ನನ್ನ ಚೀಲದಲ್ಲಿ ಜಾಸ್ತಿ ಇದ್ದದ್ದು ಗುಟ್ಕಾ ಚೀಟಿ. ಪ್ಲಾಸ್ಟಿಕ್ ಚೀಟಿಯಲ್ಲಿ ಗುಟ್ಕಾ ಮಾರಬಾರದು ಅಂತ 2011ರಲ್ಲೇ ನಿಯಮ ಬಂದಿದೆ. ಯಾರು ಕೇಳಬೇಕು? ಒಳಗಿದ್ದ ಅಡಿಕೆ ನಮ್ಮ ಕಡೆಯದೇ ಇರಬಹುದು ಅನಿಸಿ ಸುಮ್ನೆ ಚೀಲಕ್ಕೆ ಹಾಕಿದೆ.

ಊರಲ್ಲಿ ಅಕ್ಕನ ಮಗನಿಗೂ ಇದೇ ಪಾಠ. ತಲೆಗೆ ಇಪ್ಪತ್ತು ರೂಪಾಯಿ ಎತ್ತಿ ಎಲ್ಲಿಗೋ ಕಳಿಸಿದರು. ಅಲ್ಲಿಂದ ಸರ್ಟಿಫಿಕೇಟ್ ಬಂತು.

"ಯಾವ ಸಮುದ್ರಕ್ಕೋ ದುಡ್ಡು?"

"ಆಗುಂಬೆಯಲ್ಲಿ ಸೂರ್ಯ ಮುಳುಗೋದು ಕಾಣುತ್ತಲ್ಲ ಮಾವ, ಅದಕ್ಕೆ."

ನಮ್ಮ ಹಳ್ಳ ಆ ಕಡೆ ಹೋಗುವುದೇ ಇಲ್ಲ. ಅದು ಸೇರುವುದು ತುಂಗೆಯನ್ನು. ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಗೆ ಸೇರಿ, ಆಂಧ್ರದಲ್ಲಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ನಮ್ಮದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ತಾಲ್ಲೂಕಿನ ನೀರು ಎರಡು ಸಮುದ್ರಕ್ಕೆ! ಮೇಷ್ಟ್ರು ಮಕ್ಕಳನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ಇಷ್ಟು ಹೇಳಿದ್ದರೆ ಸಾಕಿತ್ತು, ಅಲ್ವಾ?

ಹೋದರೆ ಕೊಟ್ಟೆಯೂ ಕಾಣುತ್ತಿತ್ತು. ಕೊಳೆ ರೋಗ ಬಾರದಿರಲಿ ಅಂತ ಅಡಿಕೆ ಗೊನೆಗೆ ಕಟ್ಟುತ್ತೇವಲ್ಲ, ಅದು. ಅಜ್ಜನ ಕಾಲದಲ್ಲಿ ಹುಲ್ಲಿನ ಕೊಟ್ಟೆ, ಈಗ ಪ್ಲಾಸ್ಟಿಕ್. ಹರಿದದ್ದು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ. ಬಿಸಿಲಿಗೆ ಒಣಗಿ, ಕಲ್ಲಿಗೆ ಬಡಿದು ಚೂರಾಗುತ್ತದೆಯೇ ಹೊರತು ಕರಗುವುದಿಲ್ಲ.

ದುಡ್ಡು ಎತ್ತುವುದು ಬೇಡ ಅನ್ನುತ್ತಿಲ್ಲ. ಎತ್ತಿದ್ದನ್ನು ನಮ್ಮ ಮೋರಿಯ ಬಾಯಲ್ಲೇ ಖರ್ಚು ಮಾಡಿ, ಲೆಕ್ಕ ಬಾಗಿಲಿಗೆ ಅಂಟಿಸಿ ಅಂತ ಹೇಳಿದೆ. ಹುಡುಗ ಗೆಳೆಯರನ್ನು ಸೇರಿಸಿಕೊಂಡು ಉದುರಡಿಕೆ ಹೆಕ್ಕಿ ಮಾರಿ, ಮೋರಿಗೆ ತಂತಿ ಜಾಲರಿ ಕಟ್ಟಿಸಿದ. ಮೊದಲ ಮಳೆಗೇ ತುಂಬಿತಂತೆ. ಅದರಲ್ಲಿ ಅರ್ಧ ನಮ್ಮ ತೋಟದ ಕೊಟ್ಟೆಯೇ. ಭಾವ ಇನ್ನೂ ಒಪ್ಪಿಕೊಂಡಿಲ್ಲ.