ಮೂರರಲ್ಲಿ ಎರಡು ಸೇರಿ ತಪ್ಪು ಹೇಳಿದಾಗ

ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಗಳಲ್ಲಿ ಬೆಳಿಗ್ಗೆಯ ಮೊದಲ ಮಾತೇ ‘ಎಷ್ಟು ಇಂಚು?’ ರಾತ್ರಿಯಿಡೀ ಹೆಂಚು ಒಡೆಯುವ ಹಾಗೆ ಸುರಿದು, ಮಳೆ ಮಾಪಕದಲ್ಲಿ ಹತ್ತು ಸೆಂಟ್ (ನೂರು ಸೆಂಟ್ ಒಂದು ಇಂಚು) ಮಾತ್ರ ಇದ್ದರೆ ಅದನ್ನು ಯಾರೂ ಡೈರಿಗೆ ಬರೆಯುವುದಿಲ್ಲ. ಫನಲ್ ಎತ್ತಿ ನೋಡುತ್ತಾರೆ. ಸಿಲ್ವರ್ ಮರದ ಎಲೆಯೋ, ಕಣಜ ಕಟ್ಟಿದ ಮಣ್ಣಿನ ಗೂಡೋ ತೂತಿಗೆ ಅಡ್ಡ ಕೂತಿರುತ್ತದೆ. ಹಾರುತ್ತಿರುವ ವಿಮಾನದಲ್ಲಿ ಹಾಗೆ ಎತ್ತಿ ನೋಡಲು ಆಗುವುದಿಲ್ಲ. ಅನುಮಾನ ಮಾತ್ರ ಅಷ್ಟೇ ಬೇಕು.

ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗಿ ವಿಮಾನ ಹತ್ತುವವರು ಅದರ ಮೂಗಿನ ಪಕ್ಕ ಒಮ್ಮೆ ಗಮನಿಸಿ. ಮುಂದಕ್ಕೆ ಬಾಯಿ ತೆರೆದ ಸಣ್ಣ ಕೊಳವೆಗಳು ಕಾಣುತ್ತವೆ, ಅವೇ ಪಿಟೋ ಟ್ಯೂಬ್. ಎದುರು ಗಾಳಿಯ ಒತ್ತಡ ಅಲ್ಲಿಂದ, ಸುತ್ತಲಿನ ಗಾಳಿಯ ಒತ್ತಡ ಮೈಮೇಲಿನ ಸ್ಟ್ಯಾಟಿಕ್ ಪೋರ್ಟ್ ಎಂಬ ತೂತುಗಳಿಂದ. ಎರಡರ ವ್ಯತ್ಯಾಸದಿಂದಲೇ ವೇಗ ತಿಳಿಯುತ್ತದೆ. ಪಿಟೋ ಪೂರ್ತಿ ಮುಚ್ಚಿಹೋದರೆ ಮುಳ್ಳು ಸೊನ್ನೆಗೆ ಬಿದ್ದು ನಮ್ಮನ್ನು ಎಚ್ಚರಿಸುತ್ತದೆ ಅಂದುಕೊಳ್ಳಬೇಡಿ. ಒಳಗಿನ ಒತ್ತಡ ಹಾಗೇ ಸಿಕ್ಕಿಹಾಕಿಕೊಂಡಿರುತ್ತದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ. ವೇಗ ಏರುತ್ತಿದೆ ಎಂದು ಕಾಣಿಸುತ್ತದೆ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬಿರ್ಗೆನೇರ್ ಸಂಸ್ಥೆಯ ಬೋಯಿಂಗ್ 757ರಲ್ಲಿ ಆದದ್ದು ಇದೇ. ಪಿಟೋಗೆ ಕವರ್ ಹಾಕದೆ ದಿನಗಟ್ಟಲೆ ನಿಲ್ಲಿಸಿದ್ದ ವಿಮಾನ, ಕೊಳವೆಯೊಳಗೆ ಬಹುಶಃ ಕಣಜದ ಮಣ್ಣು. ಆ ಸುಳ್ಳು ವೇಗ ನಂಬಿದ ಆಟೋಪೈಲಟ್ ಮೂಗು ಎತ್ತುತ್ತಾ ಹೋಯಿತು, ನಿಜವಾದ ವೇಗ ಕುಸಿದು ವಿಮಾನ ಸಮುದ್ರಕ್ಕೆ ಬಿತ್ತು. 189 ಜನ ತೀರಿಕೊಂಡರು. ಸಹ ಪೈಲಟ್ ಕಡೆಯ ಮೀಟರು ಸರಿಯಾಗಿಯೇ ಇತ್ತು.

ಹಾಗಾದರೆ ಮೂರು ಸೆನ್ಸರ್ ಇಟ್ಟು, ಎರಡು ಒಪ್ಪಿದ್ದನ್ನು ನಂಬಿದರಾಯಿತಲ್ಲ ಎನ್ನುತ್ತಾರೆ. 2008ರ ನವೆಂಬರ್ 27ರಂದು ಫ್ರಾನ್ಸಿನ ಪೆರ್ಪಿನ್ಯಾನ್ ಬಳಿ ಸಮುದ್ರಕ್ಕೆ ಬಿದ್ದ ಏರ್‌ಬಸ್ ಎ320ರಲ್ಲಿ ಅದೇ ಲೆಕ್ಕ ಇತ್ತು. ರೆಕ್ಕೆಗೆ ಗಾಳಿ ಯಾವ ಕೋನದಲ್ಲಿ ತಾಗುತ್ತಿದೆ ಎಂದು ಅಳೆಯಲು, ಗಾಳಿಗೆ ತಿರುಗುವ ಚಿಕ್ಕ ಪಟ್ಟಿಯಂಥ ಆಂಗಲ್ ಆಫ್ ಅಟ್ಯಾಕ್ ಸೆನ್ಸರುಗಳು ಮೂರು. ಹಾರಾಟಕ್ಕೆ ಮೂರು ದಿನ ಮುಂಚೆ, ಸೆನ್ಸರುಗಳಿಗೆ ರಕ್ಷಣೆ ಕೊಡದೆ ವಿಮಾನಕ್ಕೆ ನೀರು ಹಾಯಿಸಿ ತೊಳೆದಿದ್ದರು. ಎರಡು ಸೆನ್ಸರುಗಳ ಒಳಗೆ ನೀರು ಹೊಕ್ಕಿತು, ಎತ್ತರದಲ್ಲಿ ಹೆಪ್ಪುಗಟ್ಟಿತು. ಎರಡೂ ಹತ್ತಿರ ಹತ್ತಿರ ಒಂದೇ ಕೋನದಲ್ಲಿ ಸಿಕ್ಕಿಕೊಂಡವು. ಕಂಪ್ಯೂಟರ್ ಆ ಎರಡನ್ನು ನಂಬಿ, ಸರಿ ಹೇಳುತ್ತಿದ್ದ ಮೂರನೆಯದನ್ನು ಪಕ್ಕಕ್ಕಿಟ್ಟಿತು. ವೇಗ ತೀರಾ ಇಳಿದಾಗ ವಿಮಾನ ಬೀಳದಂತೆ ಕಂಪ್ಯೂಟರ್ ಕೊಡುವ ರಕ್ಷಣೆ ಸರಿಯಿದೆಯೇ ಎಂದು ಕಡಿಮೆ ಎತ್ತರದಲ್ಲಿ ಪರೀಕ್ಷಿಸಲು ಹೋದಾಗ ಆ ರಕ್ಷಣೆ ಬರಲೇ ಇಲ್ಲ. ವಿಮಾನದಲ್ಲಿದ್ದ ಏಳೂ ಜನ ಸತ್ತರು.

ನನ್ನ ವಾದ ಇಷ್ಟೇ. ಸೆನ್ಸರ್ ಎಷ್ಟು ಎಂದು ಎಣಿಸುವ ಮೊದಲು, ಅವೆಲ್ಲ ಒಂದೇ ಕಾರಣಕ್ಕೆ ಒಟ್ಟಿಗೆ ಕೆಡಬಹುದೇ ಎಂದು ಕೇಳಬೇಕು. ಒಂದೇ ನೀರು, ಒಂದೇ ಮಂಜುಗಡ್ಡೆ, ಒಂದೇ ಕೆಲಸಗಾರ ಮರೆತ ಟೇಪು. 1996ರ ಅಕ್ಟೋಬರ್ 2ರಂದು ಪೆರು ದೇಶದ ಏರೋಪೆರು ಸಂಸ್ಥೆಯ 757ರ ಸ್ಟ್ಯಾಟಿಕ್ ಪೋರ್ಟ್‌ಗಳ ಮೇಲೆ ತೊಳೆಯುವಾಗ ಅಂಟಿಸಿದ ಟೇಪು ಹಾಗೇ ಉಳಿದಿತ್ತು. ಎತ್ತರದ ಅಂಕಿಯೂ ಬರುವುದು ಆ ತೂತುಗಳಿಂದಲೇ. ಪೈಲಟ್‌ಗಳು ಎತ್ತರ ಎಷ್ಟೆಂದು ನೆಲದ ಮೇಲಿನ ಕಂಟ್ರೋಲರ್‌ನನ್ನು ಕೇಳಿದರು. ಆತನ ಪರದೆಯ ಅಂಕಿಯೂ ಅದೇ ವಿಮಾನದ ಟ್ರಾನ್ಸ್‌ಪಾಂಡರ್ ಎಂಬ ರೇಡಿಯೊ ಕಳಿಸಿದ್ದೇ ಆಗಿತ್ತು! ನೆಲಕ್ಕೆ ರೇಡಿಯೊ ಅಲೆ ಬಿಟ್ಟು ಅಳೆಯುವ ರೇಡಿಯೊ ಆಲ್ಟಿಮೀಟರ್ ಆಧಾರಿತ ಎಚ್ಚರಿಕೆ ಮಾತ್ರ ನಿಜ ಕೂಗುತ್ತಿತ್ತು. ಬೇರೆ ದಾರಿಯಲ್ಲಿ ಬಂದ ಸಾಕ್ಷಿ ಅಂದರೆ ಅದು.

ವೇಗದ ಅಂಕಿ ನಂಬಲಾಗದಾಗ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿದೆ. ಆಟೋಪೈಲಟ್, ಇಂಜಿನ್ ಪವರ್ ತಾನೇ ಹೊಂದಿಸುವ ಆಟೋಥ್ರಸ್ಟ್, ಎತ್ತ ಹಾರಬೇಕೆಂದು ಪರದೆಯಲ್ಲಿ ಗೆರೆ ತೋರಿಸುವ ಫ್ಲೈಟ್ ಡೈರೆಕ್ಟರ್ ಮೂರನ್ನೂ ತೆಗೆಯಬೇಕು. ಫ್ಲೈಟ್ ಡೈರೆಕ್ಟರ್ ಹಾಗೇ ಉಳಿಸಿದರೆ ಆ ಗೆರೆ ತಪ್ಪು ದಾರಿಗೆ ಎಳೆಯುತ್ತದೆ. ಆಮೇಲೆ ಮೂಗಿನ ಕೋನ, ಇಂಜಿನ್ ಪವರ್ ಎರಡನ್ನೇ ಹಿಡಿಯಬೇಕು. ಏರ್‌ಬಸ್‌ನಲ್ಲಿ 10,000 ಅಡಿ ದಾಟಿ, ತಕ್ಷಣದ ಅಪಾಯವಿದ್ದರೆ ಮೂಗು 5 ಡಿಗ್ರಿ ಮೇಲಕ್ಕೆ ಮತ್ತು ಕ್ಲೈಂಬ್ ಪವರ್, ಅಂದರೆ ಮೇಲೇರುವಾಗ ಇಡುವ ಪವರ್. ಬೋಯಿಂಗ್ 737ರಲ್ಲಿ ರೆಕ್ಕೆಯ ಫ್ಲಾಪ್ ಒಳಗಿದ್ದರೆ 4 ಡಿಗ್ರಿ, 75 ಶೇಕಡ ಎನ್1 (ಇಂಜಿನ್ ಫ್ಯಾನಿನ ವೇಗ). ಸಮತಲಕ್ಕೆ ಬಂದ ಮೇಲೆ ತೂಕ, ಎತ್ತರದ ಪಟ್ಟಿ ತೆಗೆದು ಸರಿಯಾದ ಅಂಕಿ ಹೊಂದಿಸಬೇಕು. ಮೂಗಿನ ಕೋನ ಜಡತ್ವದ ಸೆನ್ಸರುಗಳಿಂದ ಬರುತ್ತದೆ, ಪಿಟೋದಿಂದ ಅಲ್ಲ. ಅದಕ್ಕೇ ಇದು ಕೆಲಸ ಮಾಡುತ್ತದೆ. 2009ರ ಏರ್ ಫ್ರಾನ್ಸ್ 447ರಲ್ಲಿ ಹಿಮ ಕಟ್ಟಿದ ಪಿಟೋ ಒಂದು ನಿಮಿಷದೊಳಗೆ ಸರಿಯಾಗಿತ್ತು. ಆದರೆ ಅಷ್ಟರಲ್ಲೇ ಮೂಗು ಎತ್ತಿಯಾಗಿತ್ತು. ಆಟೋಪೈಲಟ್ ಕಳಚಿದ 4 ನಿಮಿಷ 23 ಸೆಕೆಂಡಿಗೆ ವಿಮಾನ ಸಮುದ್ರದಲ್ಲಿತ್ತು, 228 ಜನರೊಂದಿಗೆ.

ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ಮೂಗು ಹೆಚ್ಚು ಎದ್ದಾಗ ತಾನೇ ಇಳಿಸುವ ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಒಂದೇ ಆಂಗಲ್ ಆಫ್ ಅಟ್ಯಾಕ್ ಸೆನ್ಸರ್ ನಂಬಿ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿದ್ದು ಕ್ಷಮಿಸಲಾಗದ ವಿನ್ಯಾಸ. ಈಗ ಎರಡೂ ಸೆನ್ಸರ್ 5.5 ಡಿಗ್ರಿಗಿಂತ ಹೆಚ್ಚು ಬೇರೆಯಾದರೆ ಅದು ಸುಮ್ಮನಾಗುತ್ತದೆ. ಇಷ್ಟು ಮಾಡಲು ಎರಡು ಅಪಘಾತಗಳಲ್ಲಿ 346 ಜೀವ ಹೋಗಬೇಕಿರಲಿಲ್ಲ.

ವಿಮಾನ ಸಂಸ್ಥೆಗಳನ್ನು ನಾನು ಕೇಳುವುದು ಎರಡು. ಸಿಮ್ಯುಲೇಟರ್‌ನಲ್ಲಿ ‘ಇವತ್ತು ವೇಗದ ಮೀಟರು ಕೆಡುತ್ತದೆ’ ಎಂದು ಮುಂಚೆ ಹೇಳಿ ಅಭ್ಯಾಸ ಮಾಡಿಸಬೇಡಿ. ರಾತ್ರಿ, 35,000 ಅಡಿಯಲ್ಲಿ, ಬೇರೆ ಕೆಲಸದ ನಡುವೆ ಹೇಳದೆ ಕೆಡಿಸಿ. ಇನ್ನು ನೆಲದ ಮೇಲೆ, ತೊಳೆಯುವ ಮುಂಚೆ ಹಾಕಿದ ಪ್ರತಿ ಕವರ್, ಪ್ರತಿ ಟೇಪಿಗೂ ಕಣ್ಣಿಗೆ ರಾಚುವ ಕೆಂಪು ಪಟ್ಟಿ ಇರಲಿ, ಹಾಕಿದ್ದೆಷ್ಟು ತೆಗೆದದ್ದೆಷ್ಟು ಎಂದು ಎಣಿಸಿ ಬರೆದು, ತೊಳೆಯದ ಇನ್ನೊಬ್ಬರು ಸಹಿ ಹಾಕಲಿ.