ಮೊದಲ ದಿನದ ಮೊದಲ ಬ್ಯಾಟು

ಅಮೆರಿಕದ ಬೇಸ್‌ಬಾಲ್ ಋತುವಿನಲ್ಲಿ ಒಂದೊಂದು ತಂಡಕ್ಕೆ 162 ಪಂದ್ಯ. ಇಂಥ ವರ್ಷ, ಇಂಥ ತಂಡದ ಪರ, ಅದರಲ್ಲಿ ಮೊದಲ ಪಂದ್ಯಕ್ಕೆ ಮೊದಲು ಬ್ಯಾಟು ಹಿಡಿದವರು ಯಾರು? ರಸಪ್ರಶ್ನೆಯಲ್ಲಿ ಹೀಗೆ ಕೇಳಿದರೆ ಹೇಳಲೆಂದು ಆ ಹೆಸರುಗಳನ್ನು ವರ್ಷವಾರು ಉರು ಹೊಡೆದವನೇ ಅಲ್ಲಿ ಪಂಡಿತ. ನಮ್ಮ ಯಕ್ಷಗಾನದಲ್ಲೂ ಮೊದಲು ಕುಣಿಯುವುದು ಕೋಡಂಗಿ. ಬೆಳಗಿನವರೆಗೆ ಕೂತವರು ಆ ಹುಡುಗನ ಹೆಸರು ಬರೆದಿಟ್ಟದ್ದುಂಟೇ?

ಈ ವಿದ್ಯೆಗೆ ಶಿಕಾಗೊ ಕಬ್ಸ್ ತಂಡದಷ್ಟು ಹದವಾದ ಹೊಲ ಬೇರೆ ಇಲ್ಲ. 2016ರಲ್ಲಿ ಡೆಕ್ಸ್‌ಟರ್ ಫೌಲರ್. ತಂಡಕ್ಕೆ 108 ವರ್ಷಗಳ ಪ್ರಶಸ್ತಿಯ ಬರ ನೀಗಿದ್ದು ಆ ವರ್ಷ. ಅವರು ತಂಡ ಬಿಟ್ಟರು, ಜಾಗ ಖಾಲಿ. 2017ರಲ್ಲಿ ಅಲ್ಲಿ ಕೂರಿಸಿದ್ದು ಕೈಲ್ ಶ್ವಾರ್ಬರ್ ಅವರನ್ನು. ಜೂನ್ ಹೊತ್ತಿಗೆ ಬ್ಯಾಟಿಂಗ್ ಸರಾಸರಿ ತೀರಾ ಕಡಿಮೆ, .171; ನೇರ ಕೆಳದರ್ಜೆಯ ಲೀಗಿಗೆ ರವಾನೆ. 2018ರಲ್ಲಿ ಇಯಾನ್ ಹ್ಯಾಪ್, ಮಯಾಮಿಯಲ್ಲಿ, ಇಡೀ ಲೀಗಿನ ಋತುವಿನ ಮೊದಲ ಎಸೆತವನ್ನೇ ಹೋಮ್‌ರನ್ನಿಗೆ (ನಮ್ಮ ಸಿಕ್ಸರಿನಂತೆ ಬೇಲಿಯಾಚೆಗೆ) ಅಟ್ಟಿದರು. ಮುಂದಿನ ಋತು ಶುರುವಾದಾಗ ಅವರೂ ಅಯೋವಾದ ಕೆಳದರ್ಜೆಯ ತಂಡದಲ್ಲಿ. 2020ರಲ್ಲಿ ಕ್ರಿಸ್ ಬ್ರಯಂಟ್. ಕೋವಿಡ್‌ನಿಂದ ಋತು 60 ಪಂದ್ಯಕ್ಕೆ ಇಳಿದಿತ್ತು, ಪ್ರಶ್ನೆಯ ಗತ್ತು ಇಳಿಯಲಿಲ್ಲ.

ಪಂಡಿತರು ಜಾರುವುದು ಒಂದೇ ಕಡೆ. ಋತುವಿನ ಮೊದಲ ಪಂದ್ಯ ಬೇರೆ, ತವರಿನ ಮೊದಲ ಪಂದ್ಯ ಬೇರೆ. 2016, 2017, 2018, ಮೂರೂ ವರ್ಷ ಕಬ್ಸ್ ಶುರು ಮಾಡಿದ್ದು ಪರಊರಿನಲ್ಲಿ. ಕಬ್ಸ್ ತವರು ಮೈದಾನ ರಿಗ್ಲಿ ಫೀಲ್ಡಿನ ಪಟ್ಟಿ ನೋಡಿ ಉತ್ತರಿಸಿದವರಿಗೆ ಸೊನ್ನೆ ಕಟ್ಟಿಟ್ಟ ಬುತ್ತಿ. ತವರಿನಲ್ಲೇ ಆರಂಭವಾದರೂ ಆತಿಥೇಯರ ಸರದಿ ಎರಡನೆಯದು. ‘ಪಂದ್ಯದ ಮೊದಲ ಬ್ಯಾಟರ್’ ಎಂದು ಕೇಳಿದರೆ ಉತ್ತರ ಎದುರಾಳಿಯದು.

ಆ ಜಾಗಕ್ಕೆ ಬೆಲೆಯೇ ಇಲ್ಲ ಎಂದಲ್ಲ. ತಂಡದ ಒಂಬತ್ತು ಬ್ಯಾಟರುಗಳು ಒಂದೇ ಕ್ರಮದಲ್ಲಿ ಸುತ್ತಿ ಸುತ್ತಿ ಬರುತ್ತಾರೆ; ಪಂದ್ಯ ಆ ಒಂಬತ್ತರಲ್ಲಿ ಯಾವ ಸ್ಥಾನದವರ ಬಳಿಯಾದರೂ ಮುಗಿಯಬಹುದು. ಹಾಗಾಗಿ ಒಂದು ಸ್ಥಾನ ಕೆಳಗಿಳಿದರೆ ಋತುವಿಗೆ ಸುಮಾರು 18 ಸರದಿ ಖೋತಾ: 162ನ್ನು 9ರಿಂದ ಭಾಗಿಸಿ ನೋಡಿ. ಆದರೆ ಈ ಲಾಭ ಸಿಗುವುದು ಋತುವಿಡೀ ಅಲ್ಲೇ ಆಡಿದವರಿಗೆ. ಮೊದಲ ದಿನದ ಮಟ್ಟಿಗೆ, ಇನಿಂಗ್ಸ್ ಶುರು ಮಾಡುವ ಭಾಗ್ಯ ಖಾತ್ರಿಯಾಗಿ ಒಂದೇ ಸಲ. ಕ್ರಿಕೆಟ್ ಆರಂಭಿಕರಂತೆ ಔಟಾಗದಿದ್ದರೆ ದಿನವಿಡೀ ನಿಲ್ಲುವ ಸೌಲಭ್ಯ ಇಲ್ಲಿಲ್ಲ.

ಈ ಪಟ್ಟಿಯ ಕುಲದೈವ ಕಬ್ಸ್‌ನ ಟಫಿ ರೋಡ್ಸ್. 1994ರ ಏಪ್ರಿಲ್ 4, ರಿಗ್ಲಿಯಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧ, ಎಸೆತಗಾರ ಡ್ವೈಟ್ ಗುಡನ್ ಎಸೆತಕ್ಕೆ ಮೊದಲ ಮೂರು ಸರದಿಯಲ್ಲಿ ಮೂರು ಹೋಮ್‌ರನ್. ಕಬ್ಸ್ ಪಂದ್ಯ ಸೋತದ್ದು 12-8ರಿಂದ; ಅದನ್ನು ಯಾರೂ ಕೇಳುವುದಿಲ್ಲ. ಆ ಋತುವಿಡೀ ಅವರು ಹೊಡೆದದ್ದು 8, ಅಮೆರಿಕದ ಲೀಗಿನಲ್ಲಿ ಒಟ್ಟು 13. ಆಮೇಲೆ ಜಪಾನಿಗೆ ಹೋಗಿ 464 ಹೊಡೆದರು, 2001ರಲ್ಲಿ 55 ಬಾರಿಸಿ ಜಪಾನಿನ ದಿಗ್ಗಜ ಸದಹರು ಓ ಅವರ ಒಂದೇ ಋತುವಿನ ದಾಖಲೆಗೆ ಸಮನಾದರು. ಪ್ರಶ್ನೆಪತ್ರಿಕೆಯಲ್ಲಿ ಈ 464ಕ್ಕೆ ಅಂಕವಿಲ್ಲ. ಅವು ಹೆಚ್ಚಾಗಿ ಋತುವಿನ ನಡುಮಧ್ಯೆ, ಯಾವುದೋ ಮಂಗಳವಾರ ಬಂದವು ತಾನೇ!